ಊರು ಮರೆತ ಯುದ್ಧ ಪೈಲಟ್‌ನ ಕತೆ ಹುಡುಕಿ ಉಳಿಸುವ ಬಗೆ

ನಮ್ಮ ಹಳ್ಳಿಗಳ ವೀರಗಲ್ಲುಗಳ ಬರಹದಲ್ಲಿ ಒಂದು ಅಚ್ಚುಕಟ್ಟಿದೆ. ಯಾರ ಆಳ್ವಿಕೆ, ಯಾವ ತುರುಗೊಳ್ (ದನ ಹಿಡಿದೊಯ್ಯುವಾಗಿನ ಕಾಳಗ) ಅಥವಾ ಊರಳಿವು (ಊರಿನ ಮೇಲಿನ ದಾಳಿ), ಬಿದ್ದವನು ಯಾರ ಮಗ, ಕಲ್ಲು ನಿಲ್ಲಿಸಿದವರು ಯಾರು ಎಂದು ನಾಲ್ಕಾರು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಸಾವಿರ ವರ್ಷ ಕಳೆದರೂ ನಾವು ಅದನ್ನು ಓದುತ್ತೇವೆ. ಅದೇ ಊರಿನಿಂದ ಹೊರಟು 1944ರಲ್ಲಿ ಬರ್ಮಾದ ಕಾಡಿನ ಮೇಲೆ ಹಾರಿದ, ಅಥವಾ 1965, 1971ರಲ್ಲಿ ಗಡಿ ದಾಟಿ ಹೋಗಿ ಮರಳದ ಹುಡುಗನ ಬಗ್ಗೆ ಕೇಳಿ ನೋಡಿ. "ಯಾರೋ ಏರ್‌ಫೋರ್ಸಿನಲ್ಲಿ ಇದ್ದರಂತೆ" ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಅಂಥ ಒಬ್ಬರ ಕತೆಯನ್ನು ನೀವು ಎತ್ತಿ ತರಬೇಕೆಂದಿದ್ದರೆ ಅದಕ್ಕೆ ಇತಿಹಾಸದ ಪದವಿ ಬೇಡ. ತಾಳ್ಮೆ, ಒಂದು ನೋಟ್‌ಬುಕ್, ಫೋನು, ಒಂದಷ್ಟು ಅಂಚೆ ಖರ್ಚು ಸಾಕು. ಹೋಗುವ ದಾರಿಯ ಕ್ರಮ ಮಾತ್ರ ತಪ್ಪಬಾರದು.

ಮೊದಲು ಮನುಷ್ಯರು, ಆಮೇಲೆ ಕಾಗದ

ನಾನು ಒಬ್ಬ ಪೈಲಟ್‌ನ ಜಾಡು ಹಿಡಿದು ಹೊರಟಾಗ ಮೊದಲ ಎಂಟು ತಿಂಗಳನ್ನು ದೆಹಲಿ, ಲಂಡನ್ನಿನ ಕ್ಯಾಟಲಾಗುಗಳಲ್ಲಿ ಕಳೆದೆ. ಅವರ ತಂಗಿ ನಮ್ಮೂರಿಂದ ಒಂದು ಗಂಟೆಯ ಬಸ್ ದಾರಿಯಲ್ಲಿದ್ದರು. ನಾನು ಅವರ ಮನೆ ಬಾಗಿಲಿಗೆ ಹೋಗುವ ಹೊತ್ತಿಗೆ ಪಾರ್ಶ್ವವಾಯು ಹೊಡೆದು ಅವರಿಗೆ ಮಾತು ನಿಂತು ಆರು ವಾರವಾಗಿತ್ತು. ಆ ನೋವು ಇವತ್ತಿಗೂ ಹೋಗಿಲ್ಲ. ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ, ತೊಂಬತ್ತರ ಅಜ್ಜಿ ಕಾಯಲಾರರು. ಹಾಗಾಗಿ ಈ ವಾರವೇ ಹೋಗಿ.

ಬರಿಗೈಯಲ್ಲಿ ಹೋಗಿ "ಅವರ ಬಗ್ಗೆ ಹೇಳಿ" ಎಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಹಳೆಯ ಫೋಟೊ ಒಂದಿದ್ದರೆ ಅದನ್ನು ಎದುರಿಗಿಟ್ಟು ಮಾತು ಶುರುಮಾಡಿ. ಇಲ್ಲವಾದರೆ ವಸ್ತುಗಳನ್ನು ಹಿಡಿದು ಕೇಳಿ. ರಜೆಗೆ ಬಂದಾಗ ಏನು ತರುತ್ತಿದ್ದರು? ಪತ್ರ ಯಾವ ಭಾಷೆಯಲ್ಲಿ ಬರೆಯುತ್ತಿದ್ದರು? ತಂತಿ ಬಂದ ದಿನ ಮನೆಯಲ್ಲಿ ಯಾರಿದ್ದರು, ಅದನ್ನು ಓದಿ ಹೇಳಿದವರು ಯಾರು? ಈ ತಂತಿಯ ಪ್ರಶ್ನೆ ಮುಖ್ಯವಾದದ್ದು. 'ನಾಪತ್ತೆ' ಎಂಬ ತಂತಿ ಒಂದು ದಿನ, 'ಮೃತರೆಂದು ಭಾವಿಸಲಾಗಿದೆ' ಎಂಬ ಪತ್ರ ತಿಂಗಳುಗಟ್ಟಲೆ ಆದಮೇಲೆ ಬಂದಿರುತ್ತದೆ. ನಡುವಿನ ಆ ಕಾಲವನ್ನು ಮನೆಯವರು ಹೇಗೆ ಕಳೆದರು ಎನ್ನುವುದು ಯಾವ ಸರ್ಕಾರಿ ಕಡತದಲ್ಲೂ ಸಿಗುವುದಿಲ್ಲ.

ಅನುಮತಿ ಕೇಳಿಯೇ ರೆಕಾರ್ಡ್ ಮಾಡಿ. ಶುರುವಿನಲ್ಲಿ ದಿನಾಂಕ, ಸ್ಥಳ, ಮಾತಾಡುವವರ ಹೆಸರು, ಪೈಲಟ್‌ಗೆ ಅವರು ಏನಾಗಬೇಕು ಎನ್ನುವುದನ್ನು ಬಾಯಿಬಿಟ್ಟು ಹೇಳಿಬಿಡಿ. ನಡುವೆ ತಿದ್ದಲು ಹೋಗಬೇಡಿ. ಅವರು "ಇಂಗ್ಲೆಂಡಿನ ಯುದ್ಧ" ಎಂದದ್ದು ನಿಜಕ್ಕೂ ಬರ್ಮಾ ಯುದ್ಧವೇ ಆಗಿದ್ದರೂ ಹಾಗೇ ಇರಲಿ. ಅಳು ಬಂದರೆ ಸುಮ್ಮನೆ ಕುಳಿತಿರಿ. ಒಂದು ಎಚ್ಚರಿಕೆ: ನಾಪತ್ತೆಯಾದವರ ಮನೆಯಲ್ಲಿ "ಬದುಕಿದ್ದರೂ ಇರಬಹುದು" ಎಂಬ ಮಾತನ್ನು ನೀವಾಗಿ ಎತ್ತಬೇಡಿ. ಆ ಆಸೆಯನ್ನು ಅದುಮಿ ಮಲಗಿಸಲು ಅವರಿಗೆ ಎಷ್ಟು ವರ್ಷ ಹಿಡಿದಿದೆಯೋ ನಮಗೆ ಗೊತ್ತಿರುವುದಿಲ್ಲ.

ಟ್ರಂಕಿನಲ್ಲಿ ಏನೇನು ನೋಡಬೇಕು

ಮನೆಯವರು ಟ್ರಂಕು ತೆರೆದರೆ ಪದಕಗಳ ಕಡೆಗೆ ಮೊದಲು ಕಣ್ಣು ಹೋಗುತ್ತದೆ. ನಿಜವಾದ ನಿಧಿ ಲಾಗ್‌ಬುಕ್. ಪ್ರತಿ ಹಾರಾಟದ ದಿನಾಂಕ, ವಿಮಾನದ ಬಗೆ ಮತ್ತು ನಂಬರ್, ಜೊತೆಗಿದ್ದವರು, ಮಾಡಿದ ಕೆಲಸ, ಗಾಳಿಯಲ್ಲಿದ್ದ ಗಂಟೆ ನಿಮಿಷ ಎಲ್ಲವೂ ಅದರಲ್ಲಿ ಪೈಲಟ್‌ನ ಕೈಬರಹದಲ್ಲೇ ಇರುತ್ತದೆ. ತಿಂಗಳ ಕೊನೆಗೆ ಮೇಲಧಿಕಾರಿಯ ಸಹಿ ಇರುತ್ತದೆ, ಅದರಿಂದ ಯಾವ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಎಂಬುದು ತಿಳಿಯುತ್ತದೆ. 'ಡಿ.ಸಿ.ಓ.' ಎಂದಿದ್ದರೆ ಒಪ್ಪಿಸಿದ ಕೆಲಸ ಮುಗಿಸಿ ಬಂದರು ಎಂದರ್ಥ. ಕೆಂಪು ಶಾಯಿಯ ಸಾಲುಗಳು ಸಾಮಾನ್ಯವಾಗಿ ರಾತ್ರಿ ಹಾರಾಟದವು. ಎರಡನೆಯ ಮಹಾಯುದ್ಧದ ಲಾಗ್‌ಬುಕ್ ಆದರೆ ಮೊದಲ ಪುಟಗಳಲ್ಲಿ ಬೇಗಂಪೇಟೆ ಅಥವಾ ಜೋಧಪುರದ ಟೈಗರ್ ಮಾತ್ ಎಂಬ ತರಬೇತಿ ವಿಮಾನ, ಆಮೇಲೆ ಅಂಬಾಲದ ತರಬೇತಿ ಕಾಣಿಸಿಕೊಳ್ಳುತ್ತದೆ. ಭಾರತದ ಹೆಚ್ಚಿನ ಹುಡುಗರು ಹಾರಲು ಕಲಿತ ದಾರಿ ಅದು.

ಲಾಗ್‌ಬುಕ್ ಇಲ್ಲದಿದ್ದರೆ ನಿರಾಶರಾಗಬೇಡಿ. ಪತ್ರದ ಲಕೋಟೆ, ಸಮವಸ್ತ್ರದ ಗುಂಡಿ, ಫೋಟೊದ ಹಿಂಬದಿಯ ಸ್ಟುಡಿಯೊ ಮೊಹರು ಎಲ್ಲವೂ ಸಾಕ್ಷಿಗಳೇ. ಒಂದು ಉದಾಹರಣೆ ಕೊಡುತ್ತೇನೆ. ಭಾರತೀಯ ವಾಯುಪಡೆಗೆ 'ರಾಯಲ್' ಎಂಬ ವಿಶೇಷಣ ಸೇರಿದ್ದು 1945ರ ಮಾರ್ಚ್‌ನಲ್ಲಿ, ಹೋದದ್ದು 1950ರಲ್ಲಿ ನಾವು ಗಣರಾಜ್ಯವಾದಾಗ. ಆದ್ದರಿಂದ ಕಾಗದದ ತಲೆಬರಹದಲ್ಲಿ 'ಆರ್.ಐ.ಎ.ಎಫ್.' ಎಂದಿದ್ದರೆ ಅದು ಆ ಐದು ವರ್ಷದ ಒಳಗಿನದು.

ಪದಕವಿದ್ದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸರ್ವಿಸ್ ನಂಬರ್, ಹೆಸರು ಕೆತ್ತಿರುವುದುಂಟು. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ತಿಕ್ಕಲು ಬಿಡಲೂ ಬೇಡಿ. ದೇವರ ದೀಪ ಬೆಳಗಿದ ಹಾಗೆ ಬೆಳಗಿದರೆ ಕೆತ್ತನೆಯೇ ಸವೆದು ಹೋಗುತ್ತದೆ.

ಹೆಸರಿನ ತೊಡಕು

ನಮ್ಮವರನ್ನು ದಾಖಲೆಗಳಲ್ಲಿ ಹುಡುಕುವಾಗ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಹೆಸರು. ಸೈನ್ಯದ ಗುಮಾಸ್ತರಿಗೆ ಒಂದು ಸರ್‌ನೇಮ್ ಬೇಕಿತ್ತು, ನಮ್ಮಲ್ಲಿ ಅದು ಇರಲಿಲ್ಲ. ಹಾಗಾಗಿ ತಂದೆಯ ಹೆಸರು, ಊರಿನ ಹೆಸರು, ಕೊಡವರಾದರೆ ಮನೆತನದ ಹೆಸರು, ಯಾವುದು ಕೈಗೆ ಸಿಕ್ಕಿತೋ ಅದು ಸರ್‌ನೇಮ್ ಆಯಿತು. ಕಾಗುಣಿತವೂ ಅಷ್ಟೇ. ಶೆಟ್ಟಿ ಎಂಬುದು ಸೆಟ್ಟಿ, ಚೆಟ್ಟಿ ಆಗಿರಬಹುದು, ದೇವಯ್ಯ ನಾಲ್ಕು ರೀತಿಯಲ್ಲಿ ಇಂಗ್ಲಿಷಿಗೆ ಇಳಿದಿರಬಹುದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಸೇರಿದ ಬೊಂಬಾಯಿಯ ಶ್ರೀಕೃಷ್ಣ ವೆಲಿಂಕರ್ 1918ರ ಜೂನ್‌ನಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡು ಶತ್ರುವಿನ ಸೆರೆಯಲ್ಲಿ ತೀರಿಕೊಂಡಾಗ, ಜರ್ಮನರು ಸಮಾಧಿಯ ಮೇಲೆ ಬರೆದ ಹೆಸರು 'ವುಮ್ಕರ್'. ಅದು ವೆಲಿಂಕರ್ ಅವರದೇ ಎಂದು ಪತ್ತೆಯಾಗಲು ಯುದ್ಧ ಮುಗಿದ ಮೇಲೂ ವರ್ಷಗಳು ಹಿಡಿದವು.

ಹುಡುಕಲು ಕೂರುವ ಮೊದಲು ಹೆಸರಿನ ಸಾಧ್ಯವಿರುವ ಎಲ್ಲ ಇಂಗ್ಲಿಷ್ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಊರಿನ ಹೆಸರಿಗೂ ಹಾಗೇ ಮಾಡಿ. ಮಡಿಕೇರಿ ಆಗ ಮರ್ಕೆರಾ, ಕುಶಾಲನಗರ ಫ್ರೇಸರ್‌ಪೇಟೆ, ರಾಮನಗರ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್. ಸರ್ವಿಸ್ ನಂಬರ್ ಸಿಕ್ಕಿತೆಂದರೆ ಅರ್ಧ ಗೆದ್ದಂತೆ. ಅದಕ್ಕೆ ಕಾಗುಣಿತದ ಕಾಟವಿಲ್ಲ.

ಕಡತಗಳು ಎಲ್ಲೆಲ್ಲಿ ಮಲಗಿವೆ

ಇಲ್ಲಿ ದಾರಿ ಎರಡಾಗುತ್ತದೆ. ನಿಮ್ಮ ಪೈಲಟ್ 1947ಕ್ಕೆ ಮೊದಲಿನವರೋ, ನಂತರದವರೋ?

ಮೊದಲಿನವರಾಗಿದ್ದು ಸೇವೆಯಲ್ಲೇ ಮಡಿದಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಿಂದ ಆರಂಭಿಸಿ. ಎರಡನೆಯ ಮಹಾಯುದ್ಧಕ್ಕೆ ಅವರು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗಿನ ಸಾವುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಯುದ್ಧ ಮುಗಿದ ಮೇಲೆ ಅಪಘಾತದಲ್ಲಿ ಹೋದವರೂ ಅದರಲ್ಲಿ ಇರುತ್ತಾರೆ. ಸಮಾಧಿಯೇ ಸಿಗದವರ ಹೆಸರು ಸ್ಮಾರಕಗಳ ಮೇಲಿದೆ. ಬರ್ಮಾ ಕಡೆ ಕಾಣೆಯಾದ ವೈಮಾನಿಕರನ್ನು ಹುಡುಕಬೇಕಾದದ್ದು ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದಲ್ಲಿ. "ಬರ್ಮಾದಲ್ಲಿ ಸತ್ತವರ ಹೆಸರು ಸಿಂಗಪುರದಲ್ಲೇಕೆ" ಎಂದು ಗೊಂದಲಪಟ್ಟು ಬಿಟ್ಟುಬಿಟ್ಟವರನ್ನು ನಾನು ನೋಡಿದ್ದೇನೆ.

ಮುಂದಿನ ಹೆಜ್ಜೆ ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಅಲ್ಲಿ 'ಏರ್ 27' ಎಂಬ ಸರಣಿಯಲ್ಲಿ ಸ್ಕ್ವಾಡ್ರನ್‌ಗಳ ದಿನಚರಿ ಪುಸ್ತಕಗಳಿವೆ. ಒಂದೊಂದು ತಿಂಗಳಿಗೂ ಎರಡು ಬಗೆಯ ಹಾಳೆ. ಫಾರ್ಮ್ 540 ಎಂಬುದು ದಿನದ ಸಾರಾಂಶ. ಫಾರ್ಮ್ 541ರಲ್ಲಿ ಪ್ರತಿ ವಿಮಾನದ ನಂಬರ್, ಹಾರಿಸಿದವರ ಹೆಸರು, ಏರಿದ ಹೊತ್ತು, ಇಳಿದ ಹೊತ್ತು, ಏನಾಯಿತು ಎಂಬ ವಿವರ ಇರುತ್ತದೆ. ಲಾಗ್‌ಬುಕ್ಕಿನ ಸಾಲನ್ನೂ ಈ ಹಾಳೆಯ ಸಾಲನ್ನೂ ಪಕ್ಕಪಕ್ಕ ಇಟ್ಟು ಎರಡೂ ತಾಳೆಯಾದ ಕ್ಷಣವಿದೆಯಲ್ಲ, ಅದಕ್ಕಾಗಿಯೇ ಈ ಕೆಲಸ ಮಾಡಬೇಕು ಅನಿಸುತ್ತದೆ. ಕೊನೆಯ ಹಾರಾಟದ ದಿನ 'ಇಳಿದ ಹೊತ್ತು' ಎಂಬ ಕಲಮು ಖಾಲಿ ಇರುವುದನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡಿರಿ. ಮೊದಲ ಮಹಾಯುದ್ಧದ ಅಧಿಕಾರಿಗಳ ಸೇವಾ ದಾಖಲೆಗೆ 'ಏರ್ 76' ನೋಡಿ. ಬಿರುದು, ಪದಕ, ಬಡ್ತಿಗಳಿಗೆ ಲಂಡನ್ ಗೆಜೆಟ್ ಮತ್ತು ಭಾರತದ ಗೆಜೆಟ್ ಎರಡನ್ನೂ ಹುಡುಕಬೇಕು.

ನಂತರದವರಾದರೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಹೆಸರುಗಳಿಂದ ಶುರುಮಾಡಿ. 2019ರಲ್ಲಿ ಉದ್ಘಾಟನೆಯಾದ ಇಲ್ಲಿ ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳಿವೆ. ಭಾರತದ ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ್ ಪಟಲ್' ತಾಣವನ್ನು ಮನೆಯಲ್ಲೇ ಕುಳಿತು ಜಾಲಾಡಬಹುದು. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸೈನಿಕ ಇತಿಹಾಸಕ್ಕೇ ಮೀಸಲಾದ ಕೇಂದ್ರವಿದೆ. 'ಭಾರತ್ ರಕ್ಷಕ್' ಎಂಬ ತಾಣದಲ್ಲಿ ಆಸಕ್ತರೇ ಸೇರಿಸಿದ ವಾಯುಪಡೆ ಅಧಿಕಾರಿಗಳ ಪಟ್ಟಿ ಇದೆ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನೂ ಮರೆಯಬೇಡಿ. ಮಾಜಿ ಸೈನಿಕರ ಕುಟುಂಬಗಳ ಸಂಪರ್ಕ ಅವರಿಗಿರುತ್ತದೆ, ನಿಮ್ಮ ಪತ್ರವನ್ನು ಕುಟುಂಬಕ್ಕೆ ತಲುಪಿಸುವಂತೆ ಕೇಳಿಕೊಳ್ಳಬಹುದು.

ಇಷ್ಟಾದರೂ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಕೇಂದ್ರ ಸರ್ಕಾರದ ಕಚೇರಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. "ಇವರ ಬಗ್ಗೆ ಇರುವ ಎಲ್ಲ ಮಾಹಿತಿ ಕೊಡಿ" ಎಂದು ಬರೆದರೆ ಅರ್ಜಿ ವಾಪಸು ಬರುವುದೇ ಹೆಚ್ಚು. ಸರ್ವಿಸ್ ನಂಬರ್, ಸ್ಕ್ವಾಡ್ರನ್, ದಿನಾಂಕ ಹಾಕಿ ಒಂದೊಂದೇ ಪ್ರಶ್ನೆ ಕೇಳಿ. 2005ರ ಕಾಯ್ದೆಯ 8(3)ನೆಯ ಕಲಮನ್ನು ಅರ್ಜಿಯಲ್ಲಿ ಹೆಸರಿಸಿ. 20 ವರ್ಷಕ್ಕಿಂತ ಹಿಂದಿನ ಘಟನೆಯಾದರೆ, ದೇಶದ ಭದ್ರತೆಯಂಥ ಕೆಲವನ್ನು ಬಿಟ್ಟು ಉಳಿದ ವಿನಾಯಿತಿಗಳನ್ನು ಮುಂದೆ ಮಾಡಿ ನಿರಾಕರಿಸುವಂತಿಲ್ಲ ಎಂದು ಅದು ಹೇಳುತ್ತದೆ.

ಕನ್ನಡ ನಾಡಿನವರಿಗೆ ಇನ್ನೊಂದು ವಿಚಾರ. ಯುದ್ಧದ ಕಾಲಕ್ಕೆ ನಾವು ಒಂದೇ ಆಡಳಿತದಲ್ಲಿ ಇರಲಿಲ್ಲ. ಮಂಗಳೂರು, ಬಳ್ಳಾರಿಯವರ ಸರ್ಕಾರಿ ಕಾಗದ ಚೆನ್ನೈನಲ್ಲಿರಬಹುದು. ಧಾರವಾಡ, ಬೆಳಗಾವಿ, ವಿಜಯಪುರದವರದು ಮುಂಬೈನಲ್ಲಿ, ಕಲಬುರಗಿ, ರಾಯಚೂರು, ಬೀದರಿನವರದು ಹೈದರಾಬಾದಿನಲ್ಲಿ. ಹಳೆಯ ಮೈಸೂರಿನವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ. ಕೊಡಗು ಆಗ ಬೇರೆಯೇ ಪ್ರಾಂತ್ಯ. ಓದಿದ ಶಾಲೆ ಕಾಲೇಜಿನ ದಾಖಲಾತಿ ಪುಸ್ತಕ, ಗೋಡೆಯ ಮೇಲಿನ ಗೌರವ ಫಲಕ, ಹಳೆಯ ವಾರ್ಷಿಕ ಸಂಚಿಕೆ ಇವೂ ಬಹಳ ಹೇಳುತ್ತವೆ. ಜನ್ಮದಿನಾಂಕ ನನಗೆ ಸಿಕ್ಕಿದ್ದು ಹೈಸ್ಕೂಲಿನ ಒಂದು ದಾಖಲಾತಿ ಪುಸ್ತಕದಲ್ಲೇ.

ಎದುರು ಪಕ್ಷದ ಕಾಗದ

ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಇದು ಏಕೆ ಬೇಕು ಎನ್ನುವುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕತೆಗಿಂತ ದೊಡ್ಡ ಸಾಕ್ಷಿ ಬೇಡ. 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಆ ದಿನ ಬದಲಿ ಪೈಲಟ್, ಯಾರಾದರೂ ಹಿಂದುಳಿದರೆ ಮಾತ್ರ ಹೋಗಬೇಕಾದವರು. ಹೋದರು, ಮರಳಲಿಲ್ಲ. ನಮ್ಮ ಕಡತದಲ್ಲಿ ಅವರು ನಾಪತ್ತೆಯಾದರು, ಅಷ್ಟೇ. ಅವರಿಗೆ ಏನಾಯಿತೆಂದು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ.

ಕಂಡವರು ಗಡಿಯಾಚೆ ಇದ್ದರು. ಆ ಯುದ್ಧದ ಬಗ್ಗೆ ಪಾಕಿಸ್ತಾನದ ಮೂಲಗಳನ್ನು ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕ 1979ರಲ್ಲಿ ಹೊರಬಂತು. ಶಬ್ದಕ್ಕಿಂತ ಎರಡು ಪಟ್ಟು ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಹಳೆಯ ಮಿಸ್ಟೇರ್ ಎದುರಿಸಿ ಹೊಡೆದುರುಳಿಸಿತೆಂಬ ವಿವರ ಅದರಲ್ಲಿತ್ತು. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ್ದರು. ಆ ಮಿಸ್ಟೇರ್ ಯಾರದಿರಬೇಕು ಎಂದು ಹುಡುಕುತ್ತ ಹೋದಾಗ ಉಳಿದದ್ದು ಒಂದೇ ಹೆಸರು. 1988ರಲ್ಲಿ, ಮಡಿದು 23 ವರ್ಷದ ನಂತರ, ದೇವಯ್ಯ ಅವರಿಗೆ ಮಹಾವೀರ ಚಕ್ರ ಬಂತು.

ಆದ್ದರಿಂದ ನಿಮ್ಮ ಪೈಲಟ್ ಬಿದ್ದ ದಿನ, ಆ ಆಕಾಶದಲ್ಲಿ ಎದುರಿಗೆ ಯಾರಿದ್ದರು ಎಂದು ಕೇಳಿ. ಜಪಾನ್, ಜರ್ಮನಿ, ಪಾಕಿಸ್ತಾನದ ವಾಯುಪಡೆಗಳ ಇತಿಹಾಸಗಳಲ್ಲಿ ಅದೇ ದಿನದ ಪುಟವನ್ನು ಓದಿ. ನೆಲದಲ್ಲಿದ್ದ ಹಳ್ಳಿಯವರ ನೆನಪು ಎಲ್ಲಾದರೂ ಅಚ್ಚಾಗಿದೆಯೇ ನೋಡಿ. ಆ ಕಡೆಯ ಬರಹದಲ್ಲೂ ಉತ್ಪ್ರೇಕ್ಷೆ ಇರುತ್ತದೆ. ಆದರೂ ಸೋಲನ್ನು ತಾವೇ ಒಪ್ಪಿಕೊಂಡ ಸಾಲಿಗೆ ಬೆಲೆ ಹೆಚ್ಚು.

ಕೇಳಿದ್ದು ಬೇರೆ, ಖಚಿತವಾದದ್ದು ಬೇರೆ

ಸಿಕ್ಕಿದ್ದನ್ನೆಲ್ಲ ಒಂದು ಪಟ್ಟಿಗೆ ಇಳಿಸಿ: ದಿನಾಂಕ, ನಡೆದದ್ದು, ಯಾವ ಮೂಲ, ಎಷ್ಟು ಗಟ್ಟಿ. ನಾಲ್ಕನೆಯ ಕಲಮಿನಲ್ಲಿ ನಾನು ಮೂರೇ ಮಾತು ಬಳಸುತ್ತೇನೆ: ಖಚಿತ, ಸಂಭವ, ಕೇಳಿದ್ದು. ಒಂದೇ ಮೂಲದ ಮಾತು ಎಷ್ಟು ರೋಚಕವಾಗಿದ್ದರೂ 'ಸಂಭವ'ದಿಂದ ಮೇಲೆ ಏರಬಾರದು. ಹತ್ತು ಪತ್ರಿಕೆಗಳಲ್ಲಿ ಬಂದರೂ ಹತ್ತೂ ಒಂದೇ ಸುದ್ದಿಯನ್ನು ನಕಲಿಸಿದ್ದರೆ ಅದು ಒಂದೇ ಮೂಲ.

ವಿಮಾನದ ಬಗೆಯಿಂದಲೂ ಮಾತಿನ ಗಟ್ಟಿತನ ಪರೀಕ್ಷಿಸಬಹುದು. "ನಮ್ಮ ದೊಡ್ಡಪ್ಪ 1942ರಲ್ಲಿ ಬರ್ಮಾದಲ್ಲಿ ಸ್ಪಿಟ್‌ಫೈರ್ ಹಾರಿಸಿದರು" ಎಂದು ಮನೆಯವರು ಹೇಳಿದರೆ ಸ್ವಲ್ಪ ತಡೆಯಿರಿ. ಆ ವರ್ಷ ಬರ್ಮಾದಲ್ಲಿ ನಮ್ಮ ಒಂದನೆಯ ಸ್ಕ್ವಾಡ್ರನ್ ಹಾರಿಸಿದ್ದು ಲೈಸ್ಯಾಂಡರ್. ಆಮೇಲೆ ಬಂದದ್ದು ಹರಿಕೇನ್. 7 ಮತ್ತು 8ನೆಯ ಸ್ಕ್ವಾಡ್ರನ್‌ಗಳಿಗೆ ವೆಂಜನ್ಸ್ ಬಾಂಬರ್ ಕೊಟ್ಟಿದ್ದರು. ಭಾರತೀಯ ಸ್ಕ್ವಾಡ್ರನ್‌ಗಳಿಗೆ ಸ್ಪಿಟ್‌ಫೈರ್ ಬರುವಾಗ 1944 ಮುಗಿಯುತ್ತ ಬಂದಿತ್ತು. ಹಾಗೆಂದು ಮನೆಯವರು ಸುಳ್ಳು ಹೇಳಿದರೆಂದಲ್ಲ. 1940ರಲ್ಲೇ 24 ಭಾರತೀಯ ಪೈಲಟ್‌ಗಳು ಬ್ರಿಟನ್ನಿಗೆ ಹೋಗಿದ್ದರು, ಅಲ್ಲಿ ಬೇರೆ ವಿಮಾನಗಳಿದ್ದವು. ವರ್ಷ ತಪ್ಪಿರಬಹುದು, ದೇಶ ತಪ್ಪಿರಬಹುದು, ವಿಮಾನ ತಪ್ಪಿರಬಹುದು. ಯಾವುದು ಎಂದು ಹುಡುಕುವುದೇ ಕೆಲಸ.

"ಐದು ವಿಮಾನ ಹೊಡೆದರು" ಎಂಬ ಮಾತಿಗೂ ಇದೇ ಎಚ್ಚರ ಬೇಕು. ಅಂದಿನ ವರದಿಗಳಲ್ಲಿ ನಾಶವಾದದ್ದು, ನಾಶವಾಗಿರಬಹುದಾದದ್ದು, ಹಾನಿಗೊಂಡದ್ದು ಎಂದು ಮೂರು ಬಗೆ ಇದ್ದವು. ಯಾವುದಿದೆಯೋ ಅದನ್ನೇ ಬರೆಯಿರಿ. ಒಂದೂ ವಿಮಾನ ಹೊಡೆಯದೆ, ಕಾಡಿನ ಮೇಲೆ ತಗ್ಗಿನಲ್ಲಿ ಹಾರಿ ಶತ್ರುವಿನ ಜಾಗ ಗುರುತಿಸಿ ಬಂದವರ ಧೈರ್ಯ ಏನೂ ಕಡಿಮೆಯದಲ್ಲ.

ಕಾಗದ, ಫೋಟೊ ಕಾಪಾಡುವುದು

ಲ್ಯಾಮಿನೇಷನ್ ಬೇಡ, ಸೆಲ್ಲೊಟೇಪ್ ಬೇಡ, ಅಂಟು ಬೇಡ. ಲ್ಯಾಮಿನೇಷನ್ ಅಂಗಡಿಗೆ ಹೋದ ಪತ್ರ ಮತ್ತೆ ಪತ್ರವಾಗಿ ಬರುವುದಿಲ್ಲ. ತುಕ್ಕುಹಿಡಿದ ಪಿನ್ನು, ಸ್ಟೇಪಲ್‌ಗಳನ್ನು ನಿಧಾನವಾಗಿ ತೆಗೆದು, ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ತೇವವಿಲ್ಲದ ಕಪಾಟಿನಲ್ಲಿ ಇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನೆಲಕ್ಕೆ ತಾಗಿದ ಟ್ರಂಕು ಬೂಷ್ಟಿಗೆ ತವರು. ಅದನ್ನು ಎತ್ತರಕ್ಕೆ ಏರಿಸಿ, ಸಿಲಿಕಾ ಜೆಲ್ ಹಾಕಿ. ಫೋಟೊದ ಹಿಂದೆ ಬರೆಯುವುದಿದ್ದರೆ ಮೆದು ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ.

ಸ್ಕ್ಯಾನ್ ಮಾಡುವಾಗ ಫೋಟೊಗಳಿಗೆ 600 ಡಿಪಿಐ ಇರಲಿ, ಮೂಲ ಪ್ರತಿಯನ್ನು ಟಿಫ್ ರೂಪದಲ್ಲಿ ಇಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಲಾಗ್‌ಬುಕ್ಕಿನ ಖಾಲಿ ಪುಟಗಳನ್ನೂ ಬಿಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ವಿವರ ಕಳೆದುಕೊಳ್ಳುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಮೂಲ ವಸ್ತುಗಳನ್ನು ಮಾತ್ರ ನಿಮ್ಮ ಮನೆಗೆ ಒಯ್ಯಬೇಡಿ. ಸ್ಕ್ಯಾನರ್ ಅನ್ನೇ ಅವರ ಮನೆಗೆ ಒಯ್ಯಿರಿ.

ವಿಮಾನದ ಅವಶೇಷ ಎಲ್ಲಾದರೂ ಕಂಡರೆ ಮುಟ್ಟಬೇಡಿ. ಸಿಡಿಯದ ಗುಂಡು, ಬಾಂಬು ಉಳಿದಿರಬಹುದು, ಯಾರದ್ದಾದರೂ ಅಸ್ಥಿಯೂ ಇರಬಹುದು. ಜಾಗ ಗುರುತಿಸಿ ಪೊಲೀಸರಿಗೆ ತಿಳಿಸಿ.

ಊರಿಗೆ ಮರಳಿಸುವುದು

ಬರೆಯುವಾಗ ಗೊತ್ತಿರುವಷ್ಟನ್ನೇ ಬರೆಯಿರಿ. ಕೊನೆಯ ಕ್ಷಣದಲ್ಲಿ ಅವರು ಏನು ಯೋಚಿಸಿದರು ಎಂಬುದು ನಮಗೆ ಗೊತ್ತಿಲ್ಲ, ಅದನ್ನು ಕಲ್ಪಿಸಿ ಬರೆಯುವ ಹಕ್ಕೂ ನಮಗಿಲ್ಲ. ಪತ್ರ ನಿಮ್ಮ ಕೈಯಲ್ಲಿದೆ ಎಂದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಬರುವುದಿಲ್ಲ. ಅದು ಬರೆದವರ ವಾರಸುದಾರರದ್ದು, ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹೆಂಡತಿಗೆ ಬರೆದ ಪತ್ರದಲ್ಲಿ ಹೆಂಡತಿಗೆ ಮಾತ್ರ ಸೇರಿದ ಸಾಲುಗಳಿರುತ್ತವೆ. ಅವನ್ನು ಬಿಟ್ಟರೆ ಕತೆಗೆ ಏನೂ ಊನವಾಗದು.

ನಲವತ್ತು ಪುಟದ ಕಿರುಪುಸ್ತಕ ಸಾಕು. ಪ್ರತಿಗಳನ್ನು ಅವರು ಓದಿದ ಶಾಲೆಗೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ. ಸ್ಕ್ಯಾನ್‌ಗಳ ಒಂದು ಪ್ರತಿ ಯಾವುದಾದರೂ ಪತ್ರಾಗಾರಕ್ಕೆ ಹೋಗಲಿ. ಫಲಕ ಹಾಕಿಸುವುದಾದರೆ ಕೆತ್ತುವ ಮುಂಚೆ ಹೆಸರು, ದರ್ಜೆ, ದಿನಾಂಕಗಳನ್ನು ಮೂರು ಜನರಿಂದ ಓದಿಸಿ.

ಅಚ್ಚಿಗೆ ಹೋಗುವ ಮುಂಚಿನ ಕರಡನ್ನು ಮನೆಯ ಹಿರಿಯರಿಗೆ ಓದಿ ಹೇಳಬೇಕು, ಫೋಟೊಗಳನ್ನು ಒಂದೊಂದಾಗಿ ತೋರಿಸಬೇಕು. ನಾನು ಆ ತಂಗಿಯ ಮನೆಗೆ ಮತ್ತೆ ಹೋದೆ. ಮಾತು ಮರಳಿರಲಿಲ್ಲ, ಕಿವಿ ಚೆನ್ನಾಗಿತ್ತು. ಎರಡು ಸಂಜೆ ಕುಳಿತು ಪೂರ್ತಿ ಓದಿದೆ. ತರಬೇತಿಯ ಗುಂಪು ಫೋಟೊ ಬಂದಾಗ, ನಾನು 'ನಡುವೆ ನಿಂತವರು' ಎಂದು ಅಡಿಬರಹ ಕೊಟ್ಟಿದ್ದೆ. ಅವರು ತಲೆ ಅಲ್ಲಾಡಿಸಿದರು. ಎಡಗೈ ಎತ್ತಿ, ಬೆರಳನ್ನು ನಿಧಾನವಾಗಿ ಸರಿಸಿ, ಎಡದಿಂದ ಎರಡನೆಯವರ ಮುಖದ ಮೇಲೆ ಇಟ್ಟರು.